ಒಂದೇ ಸರ್ವರ್‌ನಲ್ಲಿ ರ‍್ಯಾಬಿಟ್‌ಎಂಕ್ಯೂ: ಕರೆಂಟು ಹೋದಾಗ ಸಂದೇಶ ಯಾರ ವಶದಲ್ಲಿರುತ್ತದೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಚಿಕ್ಕ ತಂತ್ರಾಂಶ ಸಂಸ್ಥೆ ಇದೆ. ಮದ್ದೂರು, ಮಳವಳ್ಳಿ ಕಡೆಯ ಸುಮಾರು 120 ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಒದಗಿಸಿದ್ದೇವೆ. ಬೆಳಿಗ್ಗೆ ಮತ್ತು ಸಂಜೆ ರೈತರು ಹಾಲು ಹಾಕಿದಾಗ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ವಿವರಗಳು ಡೈರಿಯ ಕಂಪ್ಯೂಟರ್‌ನಲ್ಲಿ ದಾಖಲಾಗಿ, ಚೀಟಿ ಅಲ್ಲೇ ಮುದ್ರಣವಾಗುತ್ತದೆ. ಅದೇ ವಿವರ ಇಂಟರ್‌ನೆಟ್ ಮೂಲಕ ನಮ್ಮ ಕಚೇರಿಯ ಉಬುಂಟು 24.04 ಸರ್ವರ್‌ಗೆ ಬರುತ್ತದೆ. ಸರ್ವರ್ ಲೆಕ್ಕ ಬರೆದು, ಕೂಡಲೇ ರೈತರಿಗೆ ಎಸ್‌ಎಂಎಸ್ ಕಳುಹಿಸುತ್ತದೆ. ಎಸ್‌ಎಂಎಸ್ ಸೇವೆ ನಿಧಾನವಾದ ದಿನ ಡೈರಿಯ ಪರದೆಯೂ ನಿಂತುಹೋಗುತ್ತದೆ, ಕಾರ್ಯದರ್ಶಿಗಳು ಫೋನ್ ಮೇಲೆ ಫೋನ್ ಮಾಡುತ್ತಾರೆ. ಇದಕ್ಕೆ ರ‍್ಯಾಬಿಟ್‌ಎಂಕ್ಯೂ ಎಂಬ, ಪ್ರೋಗ್ರಾಂಗಳ ನಡುವೆ ಸಂದೇಶಗಳನ್ನು ಸಾಲಾಗಿಟ್ಟು ತಲುಪಿಸುವ ತಂತ್ರಾಂಶವನ್ನು ಹಾಕಬೇಕೆಂದಿದ್ದೇವೆ. ಹೇಗೆ ಹಾಕುವುದು? ಒಂದೇ ಸರ್ವರ್ ಸಾಕೇ, ಅಥವಾ ಮೈಸೂರಿನಲ್ಲಿರುವ ನಮ್ಮ ಇನ್ನೊಂದು ಸರ್ವರನ್ನು ಸೇರಿಸಿ ಕ್ಲಸ್ಟರ್ ಮಾಡಬೇಕೇ? ಯುಪಿಎಸ್ ಅರ್ಧ ಗಂಟೆ ಮಾತ್ರ ತಡೆಯುತ್ತದೆ. ಕರೆಂಟು ಹೋದರೆ ಸಂದೇಶಗಳ ಗತಿ ಏನು?

ಉತ್ತರ: ತಮ್ಮ ಆಯ್ಕೆ ಸರಿಯಾಗಿದೆ. ಒಂದೇ ಸರ್ವರ್ ಸಾಕು. ಕರೆಂಟು ಹೋದರೂ ಯಾವೊಬ್ಬ ರೈತರ ಒಂದು ಹೊತ್ತಿನ ಹಾಲಿನ ಲೆಕ್ಕವೂ ಕಳೆಯದಂತೆ ಈ ವ್ಯವಸ್ಥೆಯನ್ನು ಕಟ್ಟುವುದು ಸಾಧ್ಯ. ಆದರೆ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಆ ಭರವಸೆ ದೊರೆಯುವುದಿಲ್ಲ. ಪ್ಯಾಕೇಜ್ ಹಾಕುವ ಕೆಲಸ ಒಂದು ಕಾಫಿಯ ಸಮಯದಲ್ಲಿ ಮುಗಿಯುತ್ತದೆ. ಒಂದು ಸಂದೇಶ ಡೈರಿಯಿಂದ ಹೊರಟು ಲೆಕ್ಕದ ಪುಸ್ತಕ ಸೇರುವವರೆಗೆ ಪ್ರತಿ ಕ್ಷಣದಲ್ಲೂ ಯಾರ ವಶದಲ್ಲಿದೆ ಎಂಬುದನ್ನು ತೀರ್ಮಾನಿಸಿ, ಆ ತೀರ್ಮಾನವನ್ನು ನಡುವೆ ನಿಂತು ಸಂದೇಶ ತಲುಪಿಸುವ ತಂತ್ರಾಂಶವಾದ ಬ್ರೋಕರ್‌ನ ಸೆಟ್ಟಿಂಗ್‌ನಲ್ಲೂ ತಮ್ಮ ಕೋಡ್‌ನಲ್ಲೂ ಬರೆದಿಡುವುದೇ ನಿಜವಾದ ಇನ್‌ಸ್ಟಾಲೇಶನ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಕಮಾಂಡ್‌ಗಳನ್ನು ಚುಟುಕಾಗಿ ಹೇಳಿ, ಈ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಕೆಲಸದ ಗಾತ್ರವನ್ನು ಅಳೆದುಬಿಡೋಣ. ಸಂಘಕ್ಕೆ ಸರಾಸರಿ 100 ಸದಸ್ಯರು ಹಾಲು ಹಾಕುತ್ತಾರೆ ಎಂದಿಟ್ಟುಕೊಂಡರೆ ಒಂದು ಹೊತ್ತಿಗೆ 12,000 ಸಂದೇಶಗಳಾಗುತ್ತವೆ. ಅವು ಎರಡು ಗಂಟೆಯ ಅವಧಿಯಲ್ಲಿ, ಅಂದರೆ 7,200 ಸೆಕೆಂಡುಗಳಲ್ಲಿ ಬರುತ್ತವೆ. ಸೆಕೆಂಡಿಗೆ ಎರಡು ಸಂದೇಶವೂ ಆಗಲಿಲ್ಲ. ಬೆಳಿಗ್ಗೆ ಎಲ್ಲ ಡೈರಿಗಳೂ ಒಟ್ಟಿಗೆ ತೆರೆಯುವ ಹೊತ್ತಿನಲ್ಲಿ ಇದರ ಇಪ್ಪತ್ತು ಪಟ್ಟು ಬಂದರೂ ಸಾಧಾರಣ ಸರ್ವರ್ ಮೇಲಿನ ರ‍್ಯಾಬಿಟ್‌ಎಂಕ್ಯೂಗೆ ಅದು ಹೊರೆಯೇ ಅಲ್ಲ. ಎರಡು ಕೋರ್, 4 ಜಿಬಿ ಮೆಮೊರಿ, ಒಳ್ಳೆಯ ಎಸ್‌ಎಸ್‌ಡಿ ಇದ್ದರೆ ಸಾಕು. ಸಾಧ್ಯವಾದರೆ ಡೇಟಾಬೇಸ್ ಇರುವ ಯಂತ್ರದಲ್ಲಿ ಇದನ್ನು ಹಾಕಬೇಡಿ, ಏಕೆಂದರೆ ಎರಡೂ ಮೆಮೊರಿ ಮತ್ತು ಡಿಸ್ಕನ್ನು ಒಂದೇ ಹೊತ್ತಿನಲ್ಲಿ ಕೇಳುತ್ತವೆ.

ಇಷ್ಟು ಕಡಿಮೆ ಹೊರೆಗೆ ಬ್ರೋಕರ್ ಬೇಕೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಎಸ್‌ಎಂಎಸ್ ಒಂದನ್ನು ಮಾತ್ರ ಬೇರ್ಪಡಿಸುವುದಾದರೆ ಡೇಟಾಬೇಸ್‌ನಲ್ಲೇ ಒಂದು ಟೇಬಲ್ ಮಾಡಿ, ಅದರಿಂದ ಒಂದೊಂದೇ ಸಾಲನ್ನು ತೆಗೆದು ಕಳುಹಿಸುವ ಚಿಕ್ಕ ಪ್ರೋಗ್ರಾಂ ಬರೆದರೂ ನಡೆಯುತ್ತದೆ. ಆದರೆ ತಮ್ಮಲ್ಲಿ ಒಂದೇ ಹಾಲಿನ ದಾಖಲೆ ಈಗಾಗಲೇ ಎರಡು ಕಡೆ ಹೋಗುತ್ತಿದೆ. ನಾಳೆ ವರದಿಗೆ, ನಾಡಿದ್ದು ರೈತರ ಮೊಬೈಲ್ ಆ್ಯಪ್‌ಗೆ ಹೋಗಬೇಕಾಗುತ್ತದೆ. ಕಳುಹಿಸುವವರ ಕೋಡನ್ನು ಮುಟ್ಟದೆ ಪಡೆಯುವವರನ್ನು ಸೇರಿಸುತ್ತಾ ಹೋಗುವ ಅನುಕೂಲಕ್ಕಾಗಿ ಬ್ರೋಕರ್ ಬೇಕು. ಕಾಫ್ಕಾ ಎಂಬ ಇನ್ನೊಂದು ಸಂದೇಶ ತಂತ್ರಾಂಶ ಇಲ್ಲಿ ಅನಗತ್ಯ. ಸಂದೇಶಗಳ ಉದ್ದನೆಯ ದಾಖಲೆಯನ್ನು ಉಳಿಸಿಕೊಂಡು, ಬೇಕೆಂದಾಗ ಮೊದಲಿನಿಂದ ಓದುವ ಕೆಲಸಕ್ಕೆ ಅದು ಹೇಳಿಮಾಡಿಸಿದ್ದು. ಒಂದೊಂದು ಎಸ್‌ಎಂಎಸ್ ಹೋಯಿತೇ ಇಲ್ಲವೇ ಎಂದು ಬಿಡಿಯಾಗಿ ಲೆಕ್ಕವಿಡುವ ಕೆಲಸಕ್ಕೆ ರ‍್ಯಾಬಿಟ್‌ಎಂಕ್ಯೂ ಹೆಚ್ಚು ಹೊಂದುತ್ತದೆ.

ಈಗ ಆವೃತ್ತಿಯ ವಿಚಾರ. ರ‍್ಯಾಬಿಟ್‌ಎಂಕ್ಯೂ 2007ರಲ್ಲಿ ಹೊರಬಂದ ಮುಕ್ತ ತಂತ್ರಾಂಶ. ಅದನ್ನು ಬರೆದಿರುವುದು ಎರ್ಲಾಂಗ್ ಭಾಷೆಯಲ್ಲಿ, ಆದ್ದರಿಂದ ಎರ್ಲಾಂಗ್ ಇಲ್ಲದೆ ಅದು ನಡೆಯುವುದಿಲ್ಲ. ಉಬುಂಟು 24.04ರ ಸ್ವಂತ ರೆಪೊಸಿಟರಿಯಿಂದ ಹಾಕಿದರೆ 3.12 ಸರಣಿ ಬರುತ್ತದೆ. ಕೆಲಸವನ್ನೇನೋ ಮಾಡುತ್ತದೆ, ಆದರೆ ಹೊಸದಾಗಿ ಶುರು ಮಾಡುವವರು ಅಲ್ಲಿಂದ ಶುರು ಮಾಡಬಾರದು. 2024ರಲ್ಲಿ 4.0 ಬಂದಾಗ ಒಂದೇ ಕ್ಯೂವಿನ, ಅಂದರೆ ಸಂದೇಶಗಳ ಸಾಲಿನ, ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿಡುವ ಹಳೆಯ ಮಿರರ್ ಕ್ಯೂಗಳನ್ನು ತೆಗೆದುಹಾಕಲಾಯಿತು. 3.12ರಿಂದ ನೇರವಾಗಿ 4.0ಕ್ಕೆ ಏರಲು ಬರುವುದಿಲ್ಲ, ಮೊದಲು 3.13ಕ್ಕೆ ಹೋಗಿ, ಹೊಸ ಸೌಲಭ್ಯಗಳ ಸ್ವಿಚ್‌ಗಳಾದ ಫೀಚರ್ ಫ್ಲ್ಯಾಗ್‌ಗಳನ್ನೆಲ್ಲ ಚಾಲೂ ಮಾಡಿಯೇ ಮುಂದೆ ಹೋಗಬೇಕು. ಇಂದು ಅರ್ಧ ಗಂಟೆ ಉಳಿಸಲು ಹೋಗಿ ಮುಂದಿನ ವರ್ಷ ಸಂಘಗಳ ಲೆಕ್ಕ ನಡೆಯುತ್ತಿರುವಾಗ ಎರಡು ಮೆಟ್ಟಿಲು ಹತ್ತುವ ಪ್ರಮೇಯ ಏಕೆ? ರ‍್ಯಾಬಿಟ್‌ಎಂಕ್ಯೂ ತಂಡದವರೇ ನಡೆಸುವ ಆಪ್ಟ್ ರೆಪೊಸಿಟರಿಯಿಂದ 4ರ ಸರಣಿಯನ್ನೇ ಹಾಕಿಕೊಳ್ಳಿ.

ಹಾಕುವ ಮೊದಲು ಸರ್ವರ್‌ನ ಹೆಸರನ್ನು, ಅಂದರೆ ಹೋಸ್ಟ್‌ನೇಮನ್ನು, ಖಚಿತಪಡಿಸಿಕೊಳ್ಳಿ. ಬಹುತೇಕ ಮಾರ್ಗದರ್ಶಿಗಳು ಈ ಮಾತನ್ನು ಹೇಳದೆ ಮುಂದಕ್ಕೆ ಹೋಗುತ್ತವೆ. ರ‍್ಯಾಬಿಟ್‌ಎಂಕ್ಯೂ ಆ ಸರ್ವರ್‌ನಲ್ಲಿ ನಡೆಯುವ ತನ್ನ ಪ್ರತಿಯಾದ ನೋಡ್‌ಗೆ ರ‍್ಯಾಬಿಟ್ ಎಂಬ ಪದ, ಅಟ್ ಚಿಹ್ನೆ ಮತ್ತು ಸರ್ವರ್‌ನ ಹೆಸರು ಸೇರಿಸಿ ಹೆಸರಿಟ್ಟುಕೊಳ್ಳುತ್ತದೆ, ತನ್ನ ಡೇಟಾ ಫೋಲ್ಡರನ್ನೂ ಅದೇ ಹೆಸರಿನಲ್ಲಿ ತೆರೆಯುತ್ತದೆ. ಆರು ತಿಂಗಳ ನಂತರ ಯಾರೋ ಸರ್ವರ್‌ನ ಹೆಸರನ್ನು ಬದಲಿಸಿದರೆ, ಮರುಚಾಲನೆಯಾದಾಗ ಬ್ರೋಕರ್ ಹೊಸ ಹೆಸರಿನ ಖಾಲಿ ಫೋಲ್ಡರ್ ತೆರೆದು ಕೂರುತ್ತದೆ. ಬಳಕೆದಾರರಿಲ್ಲ, ಕ್ಯೂಗಳಿಲ್ಲ, ಸಂದೇಶಗಳಿಲ್ಲ. ಹಳೆಯದೆಲ್ಲ ಡಿಸ್ಕ್‌ನಲ್ಲಿ ಭದ್ರವಾಗಿಯೇ ಇರುತ್ತದೆ, ಆದರೆ ಅದು ತಿಳಿಯದವರಿಗೆ ಎದೆ ಧಸಕ್ಕೆನ್ನುತ್ತದೆ. ಚಿಕ್ಕದಾದ, ಮುಂದೆ ಬದಲಿಸುವ ಅಗತ್ಯ ಬೀಳದ ಹೆಸರಿಟ್ಟು, ಇಟಿಸಿ ಫೋಲ್ಡರ್‌ನ ಹೋಸ್ಟ್ಸ್ ಫೈಲ್‌ನಲ್ಲೂ ಅದನ್ನು ಬರೆದಿಡಿ.

ಎರಡನೆಯ ಪೂರ್ವಸಿದ್ಧತೆ ಫೈರ್‌ವಾಲ್. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿದ ಕೂಡಲೇ ಬ್ರೋಕರ್ ತಾನಾಗಿ ಚಾಲೂ ಆಗಿ, ಸರ್ವರ್‌ನ ಎಲ್ಲ ವಿಳಾಸಗಳಲ್ಲೂ 5672ನೇ ಪೋರ್ಟ್ ತೆರೆದು ಕಾಯತೊಡಗುತ್ತದೆ. ಆದ್ದರಿಂದ ಫೈರ್‌ವಾಲ್ ಮೊದಲು, ಪ್ಯಾಕೇಜ್ ಆಮೇಲೆ. ಉಬುಂಟುವಿನ ಫೈರ್‌ವಾಲ್ ತಂತ್ರಾಂಶವಾದ ಯುಎಫ್‌ಡಬ್ಲ್ಯುನಲ್ಲಿ ಎಸ್‌ಎಸ್‌ಎಚ್‌ಗೆ ಅನುಮತಿ ಕೊಟ್ಟು, ಸಂಘಗಳು ಬರುವ 443ಕ್ಕೆ ಅನುಮತಿ ಕೊಟ್ಟು, ಉಳಿದ ಒಳಬರುವ ಸಂಪರ್ಕಗಳನ್ನೆಲ್ಲ ತಡೆದ ನಂತರವೇ ಅದನ್ನು ಚಾಲೂ ಮಾಡಿ. 5672 ತಮ್ಮ ಒಳಜಾಲದ ಯಂತ್ರಗಳಿಗೆ ಮಾತ್ರ ತೆರೆದಿರಲಿ. ನೋಡ್‌ಗಳ ನಡುವಿನ ಮಾತುಕತೆಗೆ ಬಳಕೆಯಾಗುವ 4369 ಮತ್ತು 25672 ಪೋರ್ಟ್‌ಗಳು ಹೊರಗಿನ ಯಾರಿಗೂ ಕಾಣಿಸಬಾರದು.

ಇನ್ನು ಪ್ಯಾಕೇಜ್. ರೆಪೊಸಿಟರಿಯ ಸಹಿ ಕೀಲಿಯನ್ನು ಕೀರಿಂಗ್ಸ್ ಫೋಲ್ಡರ್‌ಗೆ ಇಳಿಸಿ, ಉಬುಂಟು 24.04ರ ಸಂಕೇತನಾಮವಾದ ನೋಬಲ್ ಎಂಬ ಹೆಸರಿನೊಂದಿಗೆ ಎರ್ಲಾಂಗ್ ಮತ್ತು ರ‍್ಯಾಬಿಟ್‌ಎಂಕ್ಯೂ ಎರಡರ ರೆಪೊಸಿಟರಿ ಸಾಲುಗಳನ್ನೂ ಆಪ್ಟ್‌ನ ಸೋರ್ಸಸ್ ಫೋಲ್ಡರ್‌ನಲ್ಲಿ ಬರೆದು, ಆಪ್ಟ್ ಅಪ್‌ಡೇಟ್ ನಡೆಸಿ, ಮೊದಲು ಎರ್ಲಾಂಗ್ ಪ್ಯಾಕೇಜ್‌ಗಳನ್ನೂ ಅನಂತರ ರ‍್ಯಾಬಿಟ್‌ಎಂಕ್ಯೂ-ಸರ್ವರ್ ಪ್ಯಾಕೇಜನ್ನೂ ಹಾಕಬೇಕು. ವಿಳಾಸಗಳನ್ನು ಅಧಿಕೃತ ದಾಖಲೆಯಿಂದಲೇ ನಕಲಿಸಿಕೊಳ್ಳಿ. ಹಳೆಯ ಬರಹಗಳಲ್ಲಿ ಕಾಣುವ ಬಿನ್‌ಟ್ರೇ ವಿಳಾಸಗಳು 2021ರಲ್ಲಿ ಆ ಸೇವೆ ಮುಚ್ಚಿದಂದಿನಿಂದ ಕೆಲಸ ಮಾಡುವುದಿಲ್ಲ. ರ‍್ಯಾಬಿಟ್‌ಎಂಕ್ಯೂ 4.0ಕ್ಕೆ ಕನಿಷ್ಠ ಎರ್ಲಾಂಗ್ 26.2 ಬೇಕು. ಅಧಿಕೃತ ಹೊಂದಾಣಿಕೆ ಪಟ್ಟಿಯನ್ನು ನೋಡಿ, ತಾವು ಹಾಕುವ ಆವೃತ್ತಿಗೆ ಸಲ್ಲುವ ಎರ್ಲಾಂಗನ್ನೇ ಆರಿಸಿ. ಕೆಲಸ ಮುಗಿದ ಮೇಲೆ ಆಪ್ಟ್-ಮಾರ್ಕ್ ಹೋಲ್ಡ್ ಕಮಾಂಡ್‌ನಿಂದ ಈ ಪ್ಯಾಕೇಜ್‌ಗಳನ್ನು ಕಟ್ಟಿಹಾಕಿ. ಇಲ್ಲದಿದ್ದರೆ ಮುಂದೊಂದು ದಿನ ಸರ್ವರ್‌ನ ಸಾಮಾನ್ಯ ಅಪ್‌ಗ್ರೇಡ್ ನಡೆಸುವಾಗ ಎರ್ಲಾಂಗ್ ತನ್ನಷ್ಟಕ್ಕೆ ಮೇಲೇರಿ, ಬೆಳಗಿನ ಹಾಲಿನ ಹೊತ್ತಿಗೆ ಬ್ರೋಕರ್ ಏಳದೆ ಕೂರಬಹುದು.

ಸಿಸ್ಟಮ್‌ಸಿಟಿಎಲ್ ಸ್ಟೇಟಸ್‌ನಿಂದ ಸೇವೆ ನಡೆಯುತ್ತಿದೆಯೇ ಎಂದೂ, ರ‍್ಯಾಬಿಟ್‌ಎಂಕ್ಯೂ-ಡಯಾಗ್ನಾಸ್ಟಿಕ್ಸ್ ಲಿಸನರ್ಸ್ ಕಮಾಂಡ್‌ನಿಂದ ಯಾವ ಯಾವ ಪೋರ್ಟ್ ತೆರೆದಿದೆ ಎಂದೂ ನೋಡಿ. ಮ್ಯಾನೇಜ್‌ಮೆಂಟ್ ಪ್ಲಗಿನ್ ಚಾಲೂ ಮಾಡಿದರೆ 15672ನೇ ಪೋರ್ಟ್‌ನಲ್ಲಿ ಬ್ರೌಸರ್ ಪುಟ ದೊರೆಯುತ್ತದೆ. ಅದನ್ನು ಹೊರಗೆ ತೆರೆಯದೆ ಎಸ್‌ಎಸ್‌ಎಚ್ ಸುರಂಗದ ಮೂಲಕವೇ ನೋಡಿಕೊಳ್ಳಿ.

ಗೆಸ್ಟ್ ಎಂಬ ಬಳಕೆದಾರ ಹುಟ್ಟಿನಿಂದಲೇ ಬರುತ್ತಾನೆ, ಗುಪ್ತಪದವೂ ಗೆಸ್ಟ್. ಆ ಹೆಸರಿನಲ್ಲಿ ಅದೇ ಯಂತ್ರದಿಂದ ಮಾತ್ರ ಒಳಬರಲು ಸಾಧ್ಯ. ಬೇರೆ ಯಂತ್ರದಿಂದ ಪ್ರಯತ್ನಿಸಿ ನಿರಾಕರಣೆಯಾದಾಗ ಕೆಲವರು ಈ ನಿರ್ಬಂಧವನ್ನೇ ತೆಗೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಮಗೊಂದು ಅಡ್ಮಿನಿಸ್ಟ್ರೇಟರ್ ಬಳಕೆದಾರನನ್ನು ರಚಿಸಿ, ಗೆಸ್ಟನ್ನು ಅಳಿಸಿಹಾಕಿ. ರ‍್ಯಾಬಿಟ್‌ಎಂಕ್ಯೂಸಿಟಿಎಲ್‌ನ ಆ್ಯಡ್_ಯೂಸರ್ ಕಮಾಂಡ್‌ಗೆ ಹೆಸರನ್ನು ಮಾತ್ರ ಕೊಟ್ಟರೆ ಗುಪ್ತಪದವನ್ನು ಅದೇ ಕೇಳುತ್ತದೆ, ಶೆಲ್‌ನ ಇತಿಹಾಸದಲ್ಲಿ ಅದು ಉಳಿಯುವುದಿಲ್ಲ. ನಂತರ ಹಾಲು ಎಂಬಂತಹ ಒಂದು ವರ್ಚುವಲ್ ಹೋಸ್ಟನ್ನು, ಅಂದರೆ ಬ್ರೋಕರ್ ಒಳಗಿನ ಪ್ರತ್ಯೇಕ ವಿಭಾಗವನ್ನು, ತೆರೆಯಿರಿ, ತೆರೆಯುವಾಗಲೇ ಅದರ ಡೀಫಾಲ್ಟ್ ಕ್ಯೂ ಮಾದರಿ ಕ್ವೋರಂ ಎಂದು ಹೇಳಿಬಿಡಿ, ಕಾರಣವನ್ನು ಮುಂದೆ ಹೇಳುತ್ತೇನೆ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದರೆ ಕ್ಲೈಂಟ್ ಲೈಬ್ರರಿಗಳ ವಿಳಾಸದಲ್ಲಿ ತೊಡಕಾಗುವುದಿಲ್ಲ.

ಪ್ರತಿ ಪ್ರೋಗ್ರಾಂಗೂ ಪ್ರತ್ಯೇಕ ಬಳಕೆದಾರ ಇರಲಿ. ಅನುಮತಿ ಮೂರು ಬಗೆಯದು: ರಚಿಸುವುದು, ಬರೆಯುವುದು, ಓದುವುದು. ಸಂಘಗಳಿಂದ ದಾಖಲೆ ಪಡೆಯುವ ಎಪಿಐ ಪ್ರೋಗ್ರಾಂಗೆ, ಸಂದೇಶಗಳನ್ನು ಕ್ಯೂಗಳಿಗೆ ಹಂಚುವ ಎಕ್ಸ್‌ಚೇಂಜ್ ಮೇಲೆ ಬರೆಯುವ ಅನುಮತಿ ಸಾಕು, ಓದುವುದು ಬೇಡ. ಲೆಕ್ಕ ಬರೆಯುವ ಪ್ರೋಗ್ರಾಂಗೆ ತನ್ನ ಕ್ಯೂ ಓದುವ ಅನುಮತಿ ಮಾತ್ರ ಇರಲಿ. ಎಸ್‌ಎಂಎಸ್ ಪ್ರೋಗ್ರಾಂನ ಗುಪ್ತಪದ ಎಲ್ಲಾದರೂ ಸೋರಿದರೂ ಲೆಕ್ಕದ ಕ್ಯೂನೊಳಗೆ ಸುಳ್ಳು ಲೀಟರ್ ಸೇರಿಸಲು ಯಾರಿಗೂ ಆಗಬಾರದು. ಇದು ರೈತರ ಬಟವಾಡೆಯ ವಿಷಯವಾದ್ದರಿಂದ ಈ ಒಂದು ಗಂಟೆಯ ಶ್ರಮವನ್ನು ತಪ್ಪಿಸಿಕೊಳ್ಳಬಾರದು.

ಸಂಘಗಳ ಕಂಪ್ಯೂಟರ್‌ಗಳನ್ನು ನೇರವಾಗಿ ಬ್ರೋಕರ್‌ಗೆ ಜೋಡಿಸುವ ಆಸೆ ಹುಟ್ಟಬಹುದು. ಬೇಡ. ಈಗಿರುವಂತೆ ಅವು ಎಚ್‌ಟಿಟಿಪಿಎಸ್ ಮೂಲಕ ಎಪಿಐಗೇ ಬರಲಿ, ಎಪಿಐ ಒಳಜಾಲದಲ್ಲಿ ಬ್ರೋಕರ್‌ಗೆ ಒಪ್ಪಿಸಲಿ. ಎಪಿಐ ಈಗ ಮಾಡುತ್ತಿರುವ ಎರಡೂ ಕೆಲಸಗಳನ್ನು, ಲೆಕ್ಕ ಬರೆಯುವುದನ್ನೂ ಎಸ್‌ಎಂಎಸ್ ಕಳುಹಿಸುವುದನ್ನೂ, ಅದರಿಂದ ತೆಗೆದುಹಾಕಿ. ಒಂದು ಟಾಪಿಕ್ ಎಕ್ಸ್‌ಚೇಂಜ್‌ಗೆ ದಾಖಲೆ ಕಳುಹಿಸುವುದಷ್ಟೇ ಅದರ ಪಾಲಿನ ಕೆಲಸವಾಗಲಿ. ಆ ಎಕ್ಸ್‌ಚೇಂಜ್‌ನಿಂದ ಲೆಕ್ಕದ ಕ್ಯೂಗೂ ಎಸ್‌ಎಂಎಸ್ ಕ್ಯೂಗೂ ಒಂದೊಂದು ಪ್ರತಿ ಹೋಗುತ್ತದೆ. ಎಸ್‌ಎಂಎಸ್ ಸೇವೆ ಮಧ್ಯಾಹ್ನದವರೆಗೆ ಮಲಗಿದ್ದರೂ ಲೆಕ್ಕದ ಕ್ಯೂಗೆ ಅದರ ಸುಳಿವೂ ತಾಗುವುದಿಲ್ಲ, ಡೈರಿಯ ಪರದೆಯೂ ನಿಲ್ಲುವುದಿಲ್ಲ.

ಈಗ ತಮ್ಮ ಮುಖ್ಯ ಆತಂಕಕ್ಕೆ ಬರೋಣ. ಸಂಘದಲ್ಲಿ ಹಾಲಿನ ಕ್ಯಾನ್‌ಗಳು ಲಾರಿ ಹತ್ತುವಾಗ ಕೊಟ್ಟವರು, ಕೊಂಡವರು ಇಬ್ಬರ ಬಳಿಯೂ ಗುರುತು ಉಳಿಯುತ್ತದೆ. ಸಹಿ ಬೀಳುವವರೆಗೆ ಆ ಹಾಲಿನ ಹೊಣೆ ಕೊಡುವವರದೇ. ಸಂದೇಶಕ್ಕೂ ಇದೇ ಶಿಸ್ತು ಬೇಕು, ಮತ್ತು ಅದು ನಾಲ್ಕು ಕಡೆ ಬೇಕು.

ಮೊದಲನೆಯದು ಡೈರಿಯ ಕಂಪ್ಯೂಟರ್. ಹಳ್ಳಿಯಲ್ಲಿ ಇಂಟರ್‌ನೆಟ್ ಹೋದಾಗ ಮಂಡ್ಯದ ಬ್ರೋಕರ್ ಏನೂ ಮಾಡಲಾರದು. ದಾಖಲೆ ಮೊದಲು ಅಲ್ಲಿನ ಸ್ಥಳೀಯ ಡೇಟಾಬೇಸ್‌ನಲ್ಲಿ ಕುಳಿತು, ಕಳುಹಿಸಬೇಕಾದದ್ದು ಎಂಬ ಗುರುತನ್ನು ಹೊತ್ತಿರಬೇಕು. ಸರ್ವರ್‌ನಿಂದ ಸಮ್ಮತಿ ಬಂದ ಮೇಲಷ್ಟೇ ಆ ಗುರುತು ಹೋಗಬೇಕು. ಬರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳುಹಿಸಬೇಕು.

ಎರಡನೆಯದು ಎಪಿಐ. ಬ್ರೋಕರ್‌ಗೆ ಸಂದೇಶ ಕಳುಹಿಸಿದ ಕೋಡಿನ ಸಾಲು ತಪ್ಪಿಲ್ಲದೆ ಮುಗಿಯಿತು ಎಂದರೆ ಸಂದೇಶ ಬ್ರೋಕರ್‌ಗೆ ತಲುಪಿತು ಎಂದು ಅರ್ಥವಲ್ಲ. ಅದು ಇನ್ನೂ ನೆಟ್‌ವರ್ಕ್ ಬಫರ್‌ನಲ್ಲೇ ಇರಬಹುದು. ಚಾನೆಲ್‌ನಲ್ಲಿ ಪಬ್ಲಿಷರ್ ಕನ್ಫರ್ಮ್ ಸೌಲಭ್ಯವನ್ನು ಚಾಲೂ ಮಾಡಿ, ಬ್ರೋಕರ್‌ನಿಂದ ಖಚಿತ ಮಾತು ಬಂದ ನಂತರವೇ ಎಪಿಐ ಸಂಘಕ್ಕೆ ಸಮ್ಮತಿ ಹೇಳಬೇಕು. ನಿಗದಿತ ಸಮಯದಲ್ಲಿ ಬರದಿದ್ದರೆ ಆಗಲಿಲ್ಲ ಎಂದೇ ಹೇಳಬೇಕು. ಈ ಸೌಲಭ್ಯ ತಾನಾಗಿ ಚಾಲೂ ಇರುವುದಿಲ್ಲ. ಸಂದೇಶ ಕಳೆದುಹೋಯಿತು ಎಂದು ನನ್ನ ಬಳಿ ಬಂದ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಇಲ್ಲಿಗೇ ಬಂದು ನಿಂತಿವೆ.

ಇಲ್ಲೊಂದು ಸೂಕ್ಷ್ಮವಿದೆ. ಎಕ್ಸ್‌ಚೇಂಜ್‌ಗೆ ಬಂದ ಸಂದೇಶಕ್ಕೆ ಹೊಂದುವ ಕ್ಯೂ ಒಂದೂ ಇಲ್ಲದಿದ್ದರೆ ಬ್ರೋಕರ್ ಅದನ್ನು ಸದ್ದಿಲ್ಲದೆ ಎಸೆಯುತ್ತದೆ, ಆದರೂ ಕನ್ಫರ್ಮ್ ಬರುತ್ತದೆ. ಏಕೆಂದರೆ ಆ ಸಂದೇಶದ ಮಟ್ಟಿಗೆ ಬ್ರೋಕರ್‌ನ ಕೆಲಸ ಮುಗಿದಿರುತ್ತದೆ. ಸಂದೇಶ ಯಾವ ಕ್ಯೂಗೆ ಹೋಗಬೇಕೆಂದು ಸೂಚಿಸುವ ರೂಟಿಂಗ್ ಕೀಯಲ್ಲಿ ಒಂದು ಅಕ್ಷರ ತಪ್ಪಿದರೂ ಹೀಗಾಗುತ್ತದೆ. ಆದ್ದರಿಂದ ಬ್ರೋಕರ್‌ನಲ್ಲೇ ಬರೆದಿಡುವ ನಿಯಮವಾದ ಪಾಲಿಸಿಯ ಮೂಲಕ ಆ ಎಕ್ಸ್‌ಚೇಂಜ್‌ಗೆ ಒಂದು ಆಲ್ಟರ್ನೇಟ್ ಎಕ್ಸ್‌ಚೇಂಜ್ ಕಟ್ಟಿ, ದಾರಿ ತಪ್ಪಿದ ಸಂದೇಶಗಳೆಲ್ಲ ಒಂದು ಪ್ರತ್ಯೇಕ ಕ್ಯೂನಲ್ಲಿ ಬಂದು ನಿಲ್ಲುವಂತೆ ಮಾಡಿ. ಎಪಿಐ ಕೂಡ ಮ್ಯಾಂಡೇಟರಿ ಗುರುತು ಹಾಕಿಯೇ ಕಳುಹಿಸಲಿ. ಆಗ ಆ ಪ್ರತ್ಯೇಕ ಕ್ಯೂಗೂ ಹೋಗಲಾಗದ ಸಂದೇಶ ಎಪಿಐಗೆ ಹಿಂದಿರುಗುತ್ತದೆ.

ಮೂರನೆಯದು ಬ್ರೋಕರ್. ಕರೆಂಟು ಹೋಗಿ ಬಂದ ಮೇಲೂ ಸಂದೇಶ ಇರಬೇಕಾದರೆ ಸಾಮಾನ್ಯ ಮಾದರಿಯಾದ ಕ್ಲಾಸಿಕ್ ಕ್ಯೂ ಆದಲ್ಲಿ ಕ್ಯೂ ಡ್ಯೂರಬಲ್ (ಮರುಚಾಲನೆಯ ನಂತರವೂ ಉಳಿಯುವಂತಹದು) ಆಗಿರಬೇಕು, ಸಂದೇಶವೂ ಪರ್ಸಿಸ್ಟೆಂಟ್ (ಡಿಸ್ಕ್‌ಗೆ ಬರೆಯುವಂತಹದು) ಆಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಮೆಮೊರಿಯೊಂದಿಗೆ ಹೋಯಿತೆಂದೇ ತಿಳಿಯಿರಿ. ಕ್ವೋರಂ ಕ್ಯೂನಲ್ಲಿ ಈ ಮರೆವಿಗೆ ಆಸ್ಪದವಿಲ್ಲ. ಅದು ಯಾವಾಗಲೂ ಡ್ಯೂರಬಲ್, ಬಂದ ಸಂದೇಶವನ್ನು ಮೊದಲು ಡಿಸ್ಕ್‌ನ ಲಾಗ್‌ಗೆ ಬರೆದು ಭದ್ರಪಡಿಸಿ ಆಮೇಲೆ ಕನ್ಫರ್ಮ್ ಕೊಡುತ್ತದೆ. ಮೂರು ಸರ್ವರ್‌ಗಳಿದ್ದಾಗ ಅದರ ಪೂರ್ಣ ಶಕ್ತಿ ಕಾಣುತ್ತದೆ ಎಂಬುದು ನಿಜ, ಆದರೂ ಒಂದೇ ಸರ್ವರ್ ಮೇಲೂ ಅದನ್ನೇ ಬಳಸಿ ಎನ್ನುತ್ತೇನೆ. ಕ್ಯೂವಿನ ಮಾದರಿಯನ್ನು ಒಮ್ಮೆ ರಚಿಸಿದ ಮೇಲೆ ಬದಲಿಸಲು ಬರುವುದಿಲ್ಲ. ಬೇರೆ ಮಾದರಿ ಹೇಳಿ ಅದೇ ಹೆಸರಿನಲ್ಲಿ ಮತ್ತೆ ರಚಿಸಲು ಹೋದರೆ ಬ್ರೋಕರ್ 406 ಎಂಬ ದೋಷಸಂಖ್ಯೆ ಕೊಟ್ಟು ಚಾನೆಲನ್ನೇ ಮುಚ್ಚುತ್ತದೆ. ಈ ಕಾರಣಕ್ಕೇ ವರ್ಚುವಲ್ ಹೋಸ್ಟ್ ತೆರೆಯುವಾಗಲೇ ಕ್ವೋರಂ ಎಂದು ಹೇಳಿಬಿಡಲು ಸೂಚಿಸಿದ್ದು.

ಡಿಸ್ಕ್‌ನ ಮಾತು ಬಂದಾಗ ಒಂದು ಸೆಟ್ಟಿಂಗನ್ನು ತಪ್ಪದೆ ಬದಲಿಸಬೇಕು. ಡಿಸ್ಕ್‌ನಲ್ಲಿ ಖಾಲಿ ಜಾಗ ಒಂದು ಮಿತಿಗಿಂತ ಕೆಳಗಿಳಿದರೆ ಬ್ರೋಕರ್ ಹೊಸ ಸಂದೇಶಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಆ ಮಿತಿ ಡೀಫಾಲ್ಟ್ ಆಗಿ 50 ಎಂಬಿ ಮಾತ್ರ, ನಿಜವಾದ ಬಳಕೆಗೆ ಅದು ಏನೇನೂ ಸಾಲದು. ಇಟಿಸಿಯ ಒಳಗಿನ ರ‍್ಯಾಬಿಟ್‌ಎಂಕ್ಯೂ ಫೋಲ್ಡರ್‌ನಲ್ಲಿರುವ ಕಾನ್ಫ್ ಫೈಲ್‌ನಲ್ಲಿ ಡಿಸ್ಕ್_ಫ್ರೀ_ಲಿಮಿಟ್‌ನ ಆ್ಯಬ್ಸಲ್ಯೂಟ್ ಮೌಲ್ಯವನ್ನು ಕನಿಷ್ಠ 4 ಜಿಬಿಗೆ ಏರಿಸಿ. ಮೆಮೊರಿಗೂ ಇಂತಹದೇ ಒಂದು ಮಿತಿಯಿದೆ, ಹಳೆಯ ಸರಣಿಗಳಲ್ಲಿ ಒಟ್ಟು ಮೆಮೊರಿಯ ಶೇ 40, 4ರ ಸರಣಿಯಲ್ಲಿ ಶೇ 60. ಅದನ್ನು ಮುಟ್ಟುವ ಅಗತ್ಯವಿಲ್ಲ. ಈ ಮಿತಿ ತಲುಪಿದಾಗ ತಡೆಯಾಗುವುದು ಸಂದೇಶ ಕಳುಹಿಸುವ ಸಂಪರ್ಕಗಳು. ಒಂದೇ ಸಂಪರ್ಕದಲ್ಲಿ ಕಳುಹಿಸುವುದನ್ನೂ ಪಡೆಯುವುದನ್ನೂ ಮಾಡುತ್ತಿದ್ದರೆ ಪಡೆಯುವ ಕೆಲಸವೂ ಅದರೊಂದಿಗೆ ಸಿಕ್ಕಿಬೀಳುತ್ತದೆ, ಕ್ಯೂ ಕರಗದೆ ಗಂಟು ಬಿಗಿಯುತ್ತದೆ. ಎರಡಕ್ಕೂ ಬೇರೆ ಬೇರೆ ಸಂಪರ್ಕ ಇರಲಿ.

ನಾಲ್ಕನೆಯದು ಪಡೆಯುವ ಪ್ರೋಗ್ರಾಂ. ಆಟೊ ಅಕ್ ಎಂಬ ಮಾದರಿಯಲ್ಲಿ ಸಂದೇಶ ಬ್ರೋಕರ್‌ನಿಂದ ಹೊರಟ ಕ್ಷಣವೇ ತಲುಪಿತೆಂದು ಲೆಕ್ಕವಾಗುತ್ತದೆ, ಪ್ರೋಗ್ರಾಂ ನಡುದಾರಿಯಲ್ಲಿ ಬಿದ್ದರೆ ಸಂದೇಶ ಹೋದಂತೆಯೇ. ಅದನ್ನು ಬಿಟ್ಟು, ಡೇಟಾಬೇಸ್‌ನಲ್ಲಿ ಕಮಿಟ್ ಆದ ನಂತರವೇ ಪ್ರೋಗ್ರಾಂ ತಾನೇ ಸ್ವೀಕೃತಿ ಕಳುಹಿಸುವಂತೆ ಬರೆಯಿರಿ. ಜೊತೆಗೆ ಸ್ವೀಕೃತಿ ಕೊಡುವ ಮೊದಲೇ ಒಮ್ಮೆಗೆ ಎಷ್ಟು ಸಂದೇಶ ಪಡೆಯಬಹುದೆಂಬ ಪ್ರೀಫೆಚ್ ಸಂಖ್ಯೆಯನ್ನು 20 ಅಥವಾ 50ರಂತಹ ಮಿತಿಯಲ್ಲಿಡಿ. ಇಲ್ಲದಿದ್ದರೆ ಕ್ಯೂನಲ್ಲಿರುವುದೆಲ್ಲ ಒಂದೇ ಪ್ರೋಗ್ರಾಂನ ಮಡಿಲಿಗೆ ಬಂದು ಸುರಿಯುತ್ತದೆ. ಪಡೆದ ಸಂದೇಶಕ್ಕೆ 30 ನಿಮಿಷದೊಳಗೆ ಸ್ವೀಕೃತಿ ಕೊಡದಿದ್ದರೆ ಬ್ರೋಕರ್ ಆ ಚಾನೆಲನ್ನು ಮುಚ್ಚಿ ಸಂದೇಶವನ್ನು ಕ್ಯೂಗೆ ಮರಳಿಸುತ್ತದೆ ಎಂಬುದೂ ನೆನಪಿರಲಿ.

ಈ ನಾಲ್ಕನ್ನೂ ಪಾಲಿಸಿದರೆ ಸಂದೇಶ ಕಳೆಯುವುದಿಲ್ಲ, ಆದರೆ ಎರಡು ಸಲ ಬರಬಹುದು. ಕಮಿಟ್ ಆಯಿತು, ಸ್ವೀಕೃತಿ ಹೋಗುವ ಮೊದಲೇ ಕರೆಂಟು ಹೋಯಿತು ಎಂದುಕೊಳ್ಳಿ. ಬ್ರೋಕರ್ ಅದೇ ಸಂದೇಶವನ್ನು ಮತ್ತೆ ಕೊಡುತ್ತದೆ. ಹಾಗೆಯೇ ಸಮ್ಮತಿ ತಲುಪದ ಡೈರಿಯ ಕಂಪ್ಯೂಟರ್ ಅದೇ ದಾಖಲೆಯನ್ನು ಮತ್ತೆ ಕಳುಹಿಸುತ್ತದೆ. ಒಬ್ಬ ರೈತರ ಎಂಟು ಲೀಟರ್ ಹದಿನಾರಾಗಿ ಬರೆಯಲ್ಪಟ್ಟರೆ ಕಳೆದುಹೋದಷ್ಟೇ ಕೆಟ್ಟ ತಪ್ಪು ಅದು, ಬಟವಾಡೆಯ ದಿನ ಕಾರ್ಯದರ್ಶಿಯವರ ಮೇಲೆ ಅನುಮಾನ ಹುಟ್ಟಿಸುವ ತಪ್ಪು. ಇದನ್ನು ಯಾವ ಬ್ರೋಕರ್ ಸೆಟ್ಟಿಂಗ್‌ನಿಂದಲೂ ಸರಿಪಡಿಸಲಾಗದು, ಲೆಕ್ಕದ ಟೇಬಲ್‌ನಲ್ಲೇ ತಡೆಯಬೇಕು. ಸಂಘದ ಸಂಕೇತ, ದಿನಾಂಕ, ಬೆಳಿಗ್ಗೆಯೋ ಸಂಜೆಯೋ ಎಂಬ ಗುರುತು, ಸದಸ್ಯರ ಸಂಖ್ಯೆ ಮತ್ತು ಆ ಹೊತ್ತಿನ ಕ್ರಮಸಂಖ್ಯೆ ಸೇರಿಸಿ ಡೈರಿಯಲ್ಲೇ ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ ಕೊಡಿ. ಒಬ್ಬರೇ ಸದಸ್ಯರು ಎರಡು ಸಲ ಹಾಲು ತರುವುದೂ ಉಂಟಾದ್ದರಿಂದ ಕ್ರಮಸಂಖ್ಯೆ ಬೇಕೇ ಬೇಕು. ಟೇಬಲ್‌ನಲ್ಲಿ ಆ ಸಂಖ್ಯೆಯ ಮೇಲೆ ಯೂನೀಕ್ ನಿರ್ಬಂಧ ಹಾಕಿ. ಎರಡನೆಯ ಪ್ರತಿ ಬಂದಾಗ ಡೇಟಾಬೇಸ್ ನಿರಾಕರಿಸುತ್ತದೆ, ಪ್ರೋಗ್ರಾಂ ಅದನ್ನು ಈಗಾಗಲೇ ಬರೆದದ್ದು ಎಂದು ತಿಳಿದು ಸ್ವೀಕೃತಿ ಕೊಟ್ಟು ಮುಂದೆ ಹೋಗುತ್ತದೆ.

ಎಸ್‌ಎಂಎಸ್ ಕ್ಯೂಗೆ ಬೇರೆಯದೇ ಎಚ್ಚರಿಕೆ ಬೇಕು. ಎಸ್‌ಎಂಎಸ್ ಸೇವೆ ಉತ್ತರಿಸದಿದ್ದಾಗ ಸಂದೇಶವನ್ನು ಕ್ಯೂಗೆ ಮರಳಿಸಿ ಮತ್ತೆ ಪ್ರಯತ್ನಿಸುವುದು ಸಹಜವಾಗಿ ತೋಚುವ ದಾರಿ. ಆದರೆ 4.0ರಿಂದ ಕ್ವೋರಂ ಕ್ಯೂಗಳಲ್ಲಿ ಮರುವಿತರಣೆಗೆ 20ರ ಮಿತಿ ಡೀಫಾಲ್ಟ್ ಆಗಿಯೇ ಇದೆ. ಮರಳಿಸಿದ ಸಂದೇಶ ಕ್ಷಣಾರ್ಧದಲ್ಲಿ ಮತ್ತೆ ಬರುವುದರಿಂದ ಆ ಮಿತಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯಬಹುದು. ಆಮೇಲೆ ವಿಲೇವಾರಿಯಾಗದ ಸಂದೇಶಗಳನ್ನು ಬೇರೆಡೆಗೆ ಕಳುಹಿಸುವ ಡೆಡ್ ಲೆಟರ್ ವ್ಯವಸ್ಥೆ ಇಲ್ಲದಿದ್ದರೆ ಸಂದೇಶವನ್ನು ಅಳಿಸಲಾಗುತ್ತದೆ. ಆದ್ದರಿಂದ ಮರಳಿಸಬೇಡಿ, ತಿರಸ್ಕರಿಸಿ. ತಿರಸ್ಕೃತವಾದದ್ದು ಡೆಡ್ ಲೆಟರ್ ಎಕ್ಸ್‌ಚೇಂಜ್ ಮೂಲಕ ಒಂದು ಕಾಯುವ ಕ್ಯೂಗೆ ಹೋಗಲಿ, ಅಲ್ಲಿ ಐದು ನಿಮಿಷದ ಅವಧಿ ಮುಗಿದ ಮೇಲೆ ತಾನಾಗಿ ಎಸ್‌ಎಂಎಸ್ ಕ್ಯೂಗೆ ಮರಳಲಿ. ಎಷ್ಟು ಸಲ ಸುತ್ತಿತು ಎಂಬುದನ್ನು ಬ್ರೋಕರ್ ಸಂದೇಶದ ಹೆಡರ್‌ನಲ್ಲಿ ಬರೆಯುತ್ತದೆ. ಅದನ್ನು ಓದಿ, ಮಿತಿ ಮೀರಿದ್ದನ್ನು ವಿಫಲ ಕ್ಯೂಗೆ ಸೇರಿಸಿ. ಬೆಳಗಿನ ಹಾಲಿನ ಎಸ್‌ಎಂಎಸ್ ಮಾರನೆಯ ದಿನ ತಲುಪಿದರೆ ರೈತರಿಗೆ ಗೊಂದಲವೇ ಹೆಚ್ಚು. ಹಾಗಾಗಿ ಕಾಲ ಮೀರಿದ ಎಸ್‌ಎಂಎಸ್ ಬಿಟ್ಟುಬಿಡುವ ನಿಯಮವನ್ನೂ ಸೇರಿಸಬಹುದು. ಲೆಕ್ಕದ ಕ್ಯೂಗೆ ಮಾತ್ರ ಯಾವ ಕಾಲಮಿತಿಯನ್ನೂ ಇಡಕೂಡದು. ಈ ನಿಯಮಗಳನ್ನು ಕೋಡ್‌ನಲ್ಲಿ ಬರೆಯದೆ ಪಾಲಿಸಿಯಲ್ಲಿ ಬರೆದರೆ ಕ್ಯೂ ಅಳಿಸದೆಯೇ ಮುಂದೆ ತಿದ್ದಬಹುದು.

ಮೈಸೂರಿನ ಸರ್ವರ್ ಸೇರಿಸಿ ಕ್ಲಸ್ಟರ್ ಮಾಡುವ ವಿಚಾರ ಕೈಬಿಡಿ. ಕ್ವೋರಂ ಕ್ಯೂ ಬಹುಮತದ ಮೇಲೆ ನಡೆಯುತ್ತದೆ. ಎರಡು ನೋಡ್‌ಗಳಲ್ಲಿ ಬಹುಮತ ಎಂದರೆ ಎರಡೂ ಇರಬೇಕು, ಅಂದರೆ ಯಾವೊಂದು ಬಿದ್ದರೂ ಕೆಲಸ ನಿಲ್ಲುತ್ತದೆ. ಒಂದು ಸರ್ವರ್‌ನಲ್ಲಿದ್ದ ಅಪಾಯ ಎರಡಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೂರು ನೋಡ್‌ಗಳಿದ್ದರೂ ಅವು ಒಂದೇ ಕಟ್ಟಡದ ವೇಗದ ಜಾಲದಲ್ಲಿರಬೇಕು. ಎರಡು ಊರುಗಳ ನಡುವಿನ ಬ್ರಾಡ್‌ಬ್ಯಾಂಡ್ ಮೇಲೆ ಕ್ಲಸ್ಟರ್ ಕಟ್ಟಬಾರದೆಂದು ರ‍್ಯಾಬಿಟ್‌ಎಂಕ್ಯೂ ತಂಡವೇ ಹೇಳುತ್ತದೆ. ಮೈಸೂರಿಗೂ ಒಂದು ಪ್ರತಿ ಹೋಗಬೇಕೆಂದಿದ್ದರೆ ಅಲ್ಲಿ ಸ್ವತಂತ್ರ ಬ್ರೋಕರ್ ಹಾಕಿ, ಮಂಡ್ಯದಲ್ಲಿ ಅದಕ್ಕಾಗಿಯೇ ಒಂದು ಕ್ಯೂ ಕಟ್ಟಿ, ಶೊವೆಲ್ ಪ್ಲಗಿನ್‌ನಿಂದ ಸಾಗಿಸಿ. ನಡುವಿನ ಸಂಪರ್ಕ ತಪ್ಪಿದರೆ ಸಂದೇಶಗಳು ಮಂಡ್ಯದಲ್ಲೇ ಕಾದಿದ್ದು, ಸಂಪರ್ಕ ಬಂದಾಗ ಮುಂದೆ ಹೋಗುತ್ತವೆ. ಆದರೆ ಆ ದಾರಿಗೆ ಸಂದೇಶವನ್ನು ಗುಪ್ತವಾಗಿ ಸಾಗಿಸುವ ಟಿಎಲ್‌ಎಸ್ ಕಡ್ಡಾಯ.

ಯುಪಿಎಸ್‌ನ ಅರ್ಧ ಗಂಟೆಯನ್ನು ಕೆಲಸ ಮುಂದುವರಿಸುವ ಸಮಯವೆಂದು ಭಾವಿಸದೆ, ಕ್ರಮವಾಗಿ ಮುಚ್ಚುವ ಸಮಯವೆಂದು ಭಾವಿಸಿ. ಯುಪಿಎಸ್‌ಗೆ ಯುಎಸ್‌ಬಿ ತಂತಿ ಜೋಡಿಸಿ ನಟ್ ಎಂಬ ಮುಕ್ತ ತಂತ್ರಾಂಶ ಹಾಕಿದರೆ ಬ್ಯಾಟರಿ ತಗ್ಗಿದಾಗ ಸರ್ವರ್ ತಾನಾಗಿ ಶಟ್‌ಡೌನ್ ಆಗುತ್ತದೆ. ಕರೆಂಟು ಬಂದ ಕೂಡಲೇ ಯಂತ್ರ ಏಳುವಂತೆ ಬಯಾಸ್‌ನಲ್ಲಿ ಹೇಳಿಡಿ, ಸಿಸ್ಟಮ್‌ಡಿ ಬ್ರೋಕರನ್ನು ಎಬ್ಬಿಸುತ್ತದೆ. ಎಪಿಐ ಮತ್ತು ಇತರ ಪ್ರೋಗ್ರಾಂಗಳು ಬ್ರೋಕರ್ ಇನ್ನೂ ಎದ್ದಿಲ್ಲವೆಂದು ಸತ್ತುಹೋಗದೆ, ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸುವಂತೆ ಬರೆದಿರಬೇಕು.

ಬಳಕೆದಾರರು, ಕ್ಯೂಗಳು, ಪಾಲಿಸಿಗಳು ಇವೆಲ್ಲವನ್ನೂ ಎಕ್ಸ್‌ಪೋರ್ಟ್_ಡೆಫಿನಿಶನ್ಸ್ ಕಮಾಂಡ್ ಒಂದು ಫೈಲ್‌ಗೆ ಬರೆದುಕೊಡುತ್ತದೆ. ಪ್ರತಿ ಬದಲಾವಣೆಯ ನಂತರ ಅದರ ಪ್ರತಿಯನ್ನು ಬೇರೆ ಯಂತ್ರದಲ್ಲಿಡಿ. ನಿತ್ಯ ಗಮನಿಸಬೇಕಾದದ್ದು ಲೆಕ್ಕದ ಕ್ಯೂನಲ್ಲಿ ಎಷ್ಟು ಸಂದೇಶ ಉಳಿದಿದೆ, ಸ್ವೀಕೃತಿಗೆ ಎಷ್ಟು ಕಾದಿದೆ, ವಿಫಲ ಕ್ಯೂ ಮತ್ತು ದಾರಿ ತಪ್ಪಿದವುಗಳ ಕ್ಯೂ ಖಾಲಿಯಿದೆಯೇ ಎಂಬುದನ್ನು. ಬೆಳಗಿನ ಸರದಿ ಮುಗಿದ ಅರ್ಧ ಗಂಟೆಯೊಳಗೆ ಲೆಕ್ಕದ ಕ್ಯೂ ಸೊನ್ನೆಗೆ ಇಳಿಯದಿದ್ದರೆ ತಮ್ಮ ಫೋನ್‌ಗೆ ಎಚ್ಚರಿಕೆ ಬರುವಂತೆ ಮಾಡಿ.

ಸಂಘಗಳನ್ನು ಜೋಡಿಸುವ ಮೊದಲು ಒಂದು ಪರೀಕ್ಷೆಯನ್ನು ಖಂಡಿತ ಮಾಡಬೇಕು. ಸುಳ್ಳು ಸಂಘವೊಂದರ ಹೆಸರಿನಲ್ಲಿ 1ರಿಂದ 10,000ದವರೆಗೆ ಕ್ರಮಸಂಖ್ಯೆಯಿರುವ ದಾಖಲೆಗಳನ್ನು ಎಪಿಐಗೆ ಕಳುಹಿಸುವ ಪ್ರೋಗ್ರಾಂ ಬರೆಯಿರಿ. ಅದು ಡೈರಿಯ ಕಂಪ್ಯೂಟರ್‌ನಂತೆಯೇ ಸಮ್ಮತಿ ಬಾರದ ದಾಖಲೆಯನ್ನು ಮತ್ತೆ ಕಳುಹಿಸಬೇಕು, ಸಮ್ಮತಿ ಬಂದ ಸಂಖ್ಯೆಗಳನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಅದು ನಡೆಯುತ್ತಿರುವಾಗ ಬ್ರೋಕರ್ ಸರ್ವರ್‌ನ ವಿದ್ಯುತ್ ತಂತಿಯನ್ನು ಎಳೆದುಬಿಡಿ. ಶಟ್‌ಡೌನ್ ಕಮಾಂಡ್‌ನಿಂದ ಮಾಡಿದ ಪರೀಕ್ಷೆ ಇಲ್ಲಿ ಲೆಕ್ಕಕ್ಕಿಲ್ಲ, ಏಕೆಂದರೆ ಡಿಸ್ಕ್ ತನ್ನ ಒಳಗಿನ ಕ್ಯಾಶ್‌ನಲ್ಲಿ ಇಟ್ಟುಕೊಂಡದ್ದನ್ನು ಬರೆದೆನೆಂದು ಸುಳ್ಳು ಹೇಳುತ್ತಿದೆಯೇ ಎಂಬುದು ತಂತಿ ಎಳೆದಾಗ ಮಾತ್ರ ತಿಳಿಯುತ್ತದೆ. ಸರ್ವರ್ ಎದ್ದು ಎಲ್ಲ ಮುಗಿದ ಮೇಲೆ ಲೆಕ್ಕದ ಟೇಬಲ್‌ನಲ್ಲಿ ಸರಿಯಾಗಿ 10,000 ಸಾಲುಗಳಿರಬೇಕು. ಸಮ್ಮತಿ ಬಂದ ಸಂಖ್ಯೆಯೊಂದು ಟೇಬಲ್‌ನಲ್ಲಿ ಇಲ್ಲದಿದ್ದರೆ ಮೊದಲು ಎಪಿಐ ಕನ್ಫರ್ಮ್‌ಗೆ ಕಾಯುತ್ತಿದೆಯೇ ಎಂದು ನೋಡಿ, ಆಮೇಲೆ ಪಡೆಯುವ ಪ್ರೋಗ್ರಾಂನ ಸ್ವೀಕೃತಿಯನ್ನು, ಕೊನೆಗೆ ಡಿಸ್ಕನ್ನು ಪರೀಕ್ಷಿಸಿ. ಒಂದೇ ಸಂಖ್ಯೆ ಎರಡು ಸಲ ಇದ್ದರೆ ಯೂನೀಕ್ ನಿರ್ಬಂಧ ಬಿಟ್ಟುಹೋಗಿದೆ. ಈ ಪರೀಕ್ಷೆ ದಾಟಿದ ಮೇಲೆ ಎರಡು ಮೂರು ಸಂಘಗಳನ್ನು ಮಾತ್ರ ಜೋಡಿಸಿ, ಅವುಗಳ ಹಳೆಯ ಲೆಕ್ಕವನ್ನೂ ಪಕ್ಕದಲ್ಲೇ ನಡೆಸುತ್ತಾ, ಒಂದು ಬಟವಾಡೆ ಮುಗಿದು ಎರಡೂ ಕಡೆಯ ಮೊತ್ತ ಪೈಸೆಗೆ ಪೈಸೆ ತಾಳೆಯಾದ ನಂತರ ಉಳಿದ ಸಂಘಗಳನ್ನು ತನ್ನಿ.